ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ಕೊಟ್ಟಿಗೆಯಲ್ಲಿ ಕೈ ಪಳಗುವ ಬಗೆ

ಮಂಡ್ಯ ಮತ್ತು ಮೈಸೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪಶುವೈದ್ಯಕೀಯ ಓದುತ್ತಿರುವ ಮಕ್ಕಳವು. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಬಹುಕಾಲ ಪಶುವೈದ್ಯರಾಗಿದ್ದು ನಿವೃತ್ತರಾದ ನಮ್ಮ ಅಂಕಣಕಾರರು ಅವುಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಪಶುವೈದ್ಯಕೀಯ ಪದವಿಯ ಮೂರನೆಯ ವರ್ಷದಲ್ಲಿದ್ದೇನೆ. ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಬರುತ್ತವೆ, ಆದರೆ ಹಸುವಿನ ಮುಂದೆ ನಿಂತಾಗ ಎಲ್ಲಿಂದ ಆರಂಭಿಸಬೇಕೆಂದು ತೋಚುವುದಿಲ್ಲ. ದಸರಾ ರಜೆಗೆ ಊರಿಗೆ ಬರುತ್ತಿದ್ದೇನೆ. ಮನೆಯಲ್ಲಿ ಎರಡು ಮಿಶ್ರತಳಿ ಹಸುಗಳಿವೆ. ಏನನ್ನು ಅಭ್ಯಾಸ ಮಾಡಲಿ, ಸರ್?
ವಿದ್ಯಾರ್ಥಿನಿ, ಪಾಂಡವಪುರ ತಾಲ್ಲೂಕು

ಉತ್ತರ: ಆ ಎರಡು ಹಸುಗಳೇ ಸಾಕು, ಅವು ಆರೋಗ್ಯವಾಗಿದ್ದರೆ ಇನ್ನೂ ಒಳ್ಳೆಯದು. ಆಸ್ಪತ್ರೆಗೆ ಬರುವುದು ಕಾಯಿಲೆಯ ದನವಾದ್ದರಿಂದ, ವಿದ್ಯಾರ್ಥಿಯ ಕೈಗೆ ರೋಗದ ಪರಿಚಯ ಮೊದಲು ಆಗಿ ಆರೋಗ್ಯದ ಪರಿಚಯ ಆಮೇಲೆ ಆಗುತ್ತದೆ. ಇದು ತಲೆಕೆಳಗಾದ ಕ್ರಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚೆನ್ನಾಗಿರುವ ಹಸುವಿನ ಮೈ, ಉಸಿರು, ಹೊಟ್ಟೆಯ ಸದ್ದು ಹೇಗಿರುತ್ತವೆ ಎಂಬುದು ಬೆರಳಿಗೂ ಕಿವಿಗೂ ಕೂತಿದ್ದರೆ, ಅದರಲ್ಲಿ ವ್ಯತ್ಯಾಸವಾದ ಕೂಡಲೇ ನಿಮಗೆ ತಾನಾಗಿ ತಿಳಿಯುತ್ತದೆ.

ಮೊದಲು ಕೈ ಕಟ್ಟಿಕೊಂಡು ಹತ್ತಡಿ ದೂರದಲ್ಲಿ ನಿಲ್ಲಿ. ನಾಲ್ಕೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟಿದೆಯೇ, ಕಿವಿ ಆಡಿಸುತ್ತಿದೆಯೇ, ಮೂಗಿನ ತುದಿ ತೇವವಾಗಿದೆಯೇ, ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗೆ ಬಿದ್ದಿದೆ ಎಂಬುದನ್ನು ನೋಡಿ. ಮುಟ್ಟುವ ಮೊದಲೇ ಉಸಿರನ್ನು ಎಣಿಸಿ, ಏಕೆಂದರೆ ಅಪರಿಚಿತರು ಹತ್ತಿರ ಬಂದೊಡನೆ ಉಸಿರಿನ ವೇಗ ಏರುತ್ತದೆ. ಓರೆಯಾಗಿ ಹಿಂದೆ ನಿಂತು ಪಕ್ಕೆಯ ಏರಿಳಿತ ಗಮನಿಸಿದರೆ, ವಿಶ್ರಾಂತಿಯಲ್ಲಿರುವ ದೊಡ್ಡ ಹಸು ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುವುದು ಕಾಣುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಇದು ಹೆಚ್ಚುವುದು ಸಹಜ, ಆದ್ದರಿಂದ ಲೆಕ್ಕದ ಪಕ್ಕದಲ್ಲಿ ಹೊತ್ತನ್ನೂ ಬರೆದಿಡಿ.

ಆಮೇಲೆ ಥರ್ಮಾಮೀಟರ್. ಪಾದರಸವನ್ನು ಕೆಳಗಿಳಿಸಿ, ತುದಿಗೆ ಎಣ್ಣೆ ಹಚ್ಚಿ, ಗುದದ್ವಾರದೊಳಗೆ ನಿಧಾನವಾಗಿ ತಿರುಗಿಸುತ್ತಾ ಸೇರಿಸಿ, ಸ್ವಲ್ಪ ಓರೆ ಮಾಡಿ ಒಳಗೋಡೆಗೆ ತಾಗಿಸಿ ಎರಡು ನಿಮಿಷ ಹಿಡಿಯಿರಿ. ಸಗಣಿಯ ಮುದ್ದೆಯೊಳಗೆ ಚುಚ್ಚಿದ ಥರ್ಮಾಮೀಟರ್ ಸಗಣಿಯ ಕಾವನ್ನು ತೋರಿಸುತ್ತದೆಯೇ ಹೊರತು ಹಸುವಿನ ಕಾವನ್ನಲ್ಲ. ದೊಡ್ಡ ಹಸುವಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಅದು ಒಳಗಿರುವಾಗಲೇ ಇನ್ನೊಂದು ಕೈಯ ಬೆರಳುಗಳನ್ನು ಬಾಲದ ಬುಡದ ಕೆಳಭಾಗದಲ್ಲಿ ನಡುವೆ ಒತ್ತಿದರೆ ನಾಡಿ ಸಿಗುತ್ತದೆ. ನಿಮಿಷಕ್ಕೆ 60ರಿಂದ 80 ಬಡಿತ ಇರಬೇಕು. ನಂತರ ಎಡ ಮೊಣಕೈಯ ಹಿಂದೆ, ಸಾಧ್ಯವಾದಷ್ಟು ಮುಂದಕ್ಕೆ ಸ್ಟೆತಾಸ್ಕೋಪ್ ತೂರಿಸಿ ಹೃದಯದ ಬಡಿತವನ್ನು ಕೇಳಿ, ಎರಡೂ ಲೆಕ್ಕಗಳು ಹೊಂದುತ್ತವೆಯೇ ಎಂದು ನೋಡಿ.

ನಾನು ಹೆಚ್ಚು ಒತ್ತಿ ಹೇಳಬಯಸುವುದು ಮೆಲುಕು ಹೊಟ್ಟೆಯ ಪರೀಕ್ಷೆಯನ್ನು. ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಯ ಮುಂದೆ ಒಂದು ತಗ್ಗು ಇದೆ. ಅಲ್ಲಿ ಮುಷ್ಟಿಯನ್ನು ಗಟ್ಟಿಯಾಗಿ ಒತ್ತಿ ಸುಮ್ಮನೆ ನಿಲ್ಲಿ. ಮೊದಲು ಏನೂ ತಿಳಿಯುವುದಿಲ್ಲ, ಕೈ ನೋಯುತ್ತದೆ, ತೆಗೆದುಬಿಡೋಣ ಎನ್ನಿಸುತ್ತದೆ. ಅಷ್ಟರಲ್ಲಿ ಒಳಗಿನಿಂದ ಏನೋ ನಿಧಾನವಾಗಿ ಉಬ್ಬಿ ಬಂದು ನಿಮ್ಮ ಮುಷ್ಟಿಯನ್ನು ಹೊರಕ್ಕೆ ತಳ್ಳಿ, ಕ್ಷಣಕಾಲ ನಿಂತು, ಮತ್ತೆ ಒಳಕ್ಕೆ ಜಾರುತ್ತದೆ. ಅದೇ ಜಾಗದಲ್ಲಿ ಸ್ಟೆತಾಸ್ಕೋಪ್ ಇಟ್ಟರೆ ದೂರದಲ್ಲಿ ಕಬ್ಬಿನ ಗಾಡಿ ಉರುಳಿ ಬಂದು ಹಾದುಹೋದಂತಹ ಸದ್ದು ಕೇಳುತ್ತದೆ. ಆರೋಗ್ಯವಂತ ಹಸುವಿನಲ್ಲಿ ಇದು ಎರಡು ನಿಮಿಷಕ್ಕೆ ಎರಡು ಮೂರು ಸಲ ಆಗುತ್ತದೆ. ಅರ್ಧ ನಿಮಿಷ ಕೇಳಿ "ಹೊಟ್ಟೆ ನಿಂತಿದೆ" ಎಂದು ಬರೆಯುವವರನ್ನು ಕಂಡಿದ್ದೇನೆ. ಪೂರ್ತಿ ಐದು ನಿಮಿಷ ನಿಲ್ಲುವ ತಾಳ್ಮೆಯೂ ಈ ವಿದ್ಯೆಯ ಭಾಗವೇ. ಇಷ್ಟನ್ನು ಬೆಳಿಗ್ಗೆ ಮತ್ತು ಸಂಜೆ, ಪ್ರತಿಸಲವೂ ಇದೇ ಕ್ರಮದಲ್ಲಿ, ಎರಡೂ ಹಸುಗಳಿಗೆ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಪ್ರಶ್ನೆ: ಇಂಜೆಕ್ಷನ್ ಕೊಡಲು ಹೋದಾಗ ಹಳ್ಳಿಕಾರ್ ಹಸುವೊಂದು ಒದ್ದು ಮೊಣಕಾಲಿಗೆ ಪೆಟ್ಟಾಯಿತು. ಅಂದಿನಿಂದ ಹಸುವಿನ ಹತ್ತಿರ ಹೋಗಲು ಹಿಂಜರಿಕೆ. ಏನು ಮಾಡಲಿ?
ವಿದ್ಯಾರ್ಥಿ, ನಾಗಮಂಗಲ

ಉತ್ತರ: ಹಿಂಜರಿಕೆ ಹೋಗುವುದು ಹಿಡಿಯುವ ವಿದ್ಯೆ ಬಂದಾಗ. ಕುದುರೆ ನೇರವಾಗಿ ಹಿಂದಕ್ಕೆ ಒದೆಯುತ್ತದೆ, ಹಸು ಕಾಲನ್ನು ಮುಂದಕ್ಕೆ ತಂದು ಪಕ್ಕಕ್ಕೆ ಬೀಸುತ್ತದೆ. ಹಾಗಾಗಿ ತೊಡೆಯಿಂದ ಒಂದು ಮಾರು ದೂರದಲ್ಲಿ ಪಕ್ಕಕ್ಕೆ ನಿಲ್ಲುವುದೇ ಅತ್ಯಂತ ಅಪಾಯದ ಜಾಗ. ಪೆಟ್ಟು ತಗುಲದಷ್ಟು ದೂರ ಇರಬೇಕು, ಇಲ್ಲವೇ ಮೈಗೆ ಮೈ ತಾಗಿಸಿ ನಿಲ್ಲಬೇಕು. ಹಳ್ಳಿಕಾರ್ ಉಳುವ, ಓಡುವ ದನದ ತಳಿ. ಅದರ ಚುರುಕು ಮತ್ತು ಅಪರಿಚಿತರ ಬಗೆಗಿನ ಎಚ್ಚರ ಹುಟ್ಟುಗುಣಗಳು. ಬಾಯಲ್ಲಿ ಮಾತನಾಡಿಸುತ್ತಾ ಅದರ ಕಣ್ಣಿಗೆ ಕಾಣುವಂತೆ ಭುಜದ ಕಡೆಯಿಂದ ಹೋಗಿ, ಮೊದಲು ಬೆನ್ನ ಮೇಲೆ ಅಂಗೈ ಇಡಿ, ಆ ಕೈ ಎತ್ತದೆ ಮುಂದುವರಿಯಿರಿ. ಮೂಗುದಾರವನ್ನು ಮನೆಯವರೇ ಹಿಡಿಯಲಿ, ಅವರ ಧ್ವನಿಯನ್ನು ಅದು ಬಲ್ಲದು. ಬಾಲವನ್ನು ಬುಡದಲ್ಲಿ ಹಿಡಿದು ನೇರ ಮೇಲಕ್ಕೆ ಎತ್ತಿದರೆ ಒದೆಯುವುದು ಬಹುಮಟ್ಟಿಗೆ ನಿಲ್ಲುತ್ತದೆ, ಆದರೆ ನಡುವಿನಲ್ಲಿ ಹಿಡಿದು ಬಗ್ಗಿಸಿದರೆ ಮೂಳೆ ಮುರಿಯುತ್ತದೆ.

ಗಂಟುಗಳನ್ನೂ ಈಗಲೇ ಕಲಿತುಕೊಳ್ಳಿ. ಕಂಬಕ್ಕೆ ಕಟ್ಟುವಾಗ ತುದಿ ಎಳೆದರೆ ಒಮ್ಮೆಗೇ ಬಿಚ್ಚಿಕೊಳ್ಳುವ ಗಂಟು ಬೇಕು, ಹಸು ಕುಸಿದು ಬಿದ್ದರೆ ಅದೇ ಜೀವ ಉಳಿಸುತ್ತದೆ. ಹಗ್ಗದಿಂದ ಹಸುವನ್ನು ಕೆಡವುವಾಗ ಕುತ್ತಿಗೆಗೆ ಎಂದಿಗೂ ಜೀರುಗುಣಿಕೆ ಹಾಕಬಾರದು. ಎಳೆದಂತೆಲ್ಲ ಬಿಗಿದು ಉಸಿರು ಕಟ್ಟುತ್ತದೆ. ಅಲ್ಲಿ ಬಿಗಿಯದ ಕುಣಿಕೆ, ಎದೆಯ ಸುತ್ತ ಒಂದು ಸುತ್ತು, ಕೆಚ್ಚಲಿನ ಮುಂದೆ ಹೊಟ್ಟೆಯ ಸುತ್ತ ಇನ್ನೊಂದು ಸುತ್ತು ಹಾಕಿ ಹಿಂದಕ್ಕೆ ಒಂದೇ ಸಮನೆ ಎಳೆದರೆ ಹಸು ತಾನಾಗಿ ಕುಸಿದು ಮಲಗುತ್ತದೆ. ಗಬ್ಬ ತುಂಬಿದ ಹಸುವನ್ನೂ ಹೊಟ್ಟೆ ಬಿರಿಯೆ ಮೇಯ್ದ ಹಸುವನ್ನೂ ಹೀಗೆ ಕೆಡವಬೇಡಿ. ಇಂಜೆಕ್ಷನ್ನನ್ನು ಸಾಧ್ಯವಾದಾಗಲೆಲ್ಲ ಕುತ್ತಿಗೆಯ ಮಾಂಸಖಂಡಕ್ಕೆ ಕೊಡಿ, ಔಷಧ ತಳ್ಳುವ ಮೊದಲು ಪಿಸ್ಟನ್ನನ್ನು ಹಿಂದಕ್ಕೆಳೆದು ರಕ್ತ ಬರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ವಿದ್ಯಾರ್ಥಿಯಾಗಿರುವಷ್ಟು ದಿನ ಇದೆಲ್ಲ ನೋಂದಾಯಿತ ಪಶುವೈದ್ಯರ ಕಣ್ಣೆದುರಿಗೇ ನಡೆಯಬೇಕು.

ಪ್ರಶ್ನೆ: ನಮ್ಮ ತಾತ ಗೊಟ್ಟದಲ್ಲಿ (ಬಿದಿರಿನ ಕೊಳವೆಯಲ್ಲಿ) ಸಲೀಸಾಗಿ ಔಷಧ ಹಾಕುತ್ತಾರೆ. ನಮಗೆ ಹೊಟ್ಟೆಗೆ ನಳಿಕೆ ಇಳಿಸುವುದನ್ನು ಕಲಿಸಿದ್ದಾರೆ. ಗೊಟ್ಟ ತಪ್ಪೇ?
ವಿದ್ಯಾರ್ಥಿ, ತಿರುಮಕೂಡಲು ನರಸೀಪುರ

ಉತ್ತರ: ಗೊಟ್ಟ ತಪ್ಪಲ್ಲ, ಹಾಕುವ ರೀತಿಯಲ್ಲಿ ತಪ್ಪಾಗಬಹುದು. ಇದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ನೌಕರಿಗೆ ಸೇರಿದ ಹೊಸತರಲ್ಲಿ ಹೊಟ್ಟೆಯುಬ್ಬರದ ಹಸುವೊಂದಕ್ಕೆ ಎಣ್ಣೆ ಕುಡಿಸಬೇಕಾಯಿತು. ಮನೆಯವರು ನಾಲಿಗೆಯನ್ನು ಹೊರಕ್ಕೆಳೆದು ಹಿಡಿದಿದ್ದರು, ನಾನು ಅದನ್ನು ಬಿಡಿಸಲಿಲ್ಲ. ತಲೆಯನ್ನೂ ತೀರಾ ಮೇಲಕ್ಕೆತ್ತಿಸಿದೆ. ಹಸು ಎರಡು ಸಲ ಕೆಮ್ಮಿತು, ಗಂಟಲು ಕೆರೆದಿರಬೇಕೆಂದುಕೊಂಡು ಉಳಿದ ಎಣ್ಣೆಯನ್ನೂ ಸುರಿದೆ. ಉಬ್ಬರ ಇಳಿಯಿತು. ಮೂರನೆಯ ದಿನಕ್ಕೆ ಜ್ವರ 105 ದಾಟಿ, ಉಸಿರು ದುರ್ವಾಸನೆ ಬೀರತೊಡಗಿತು. ಶ್ವಾಸಕೋಶಕ್ಕೆ ಹೋದ ಎಣ್ಣೆಯನ್ನು ಹೊರತೆಗೆಯುವ ಔಷಧ ಯಾವುದೂ ಇಲ್ಲ. ಆರನೆಯ ದಿನ ಹಸು ಸತ್ತಿತು. ಆ ಮನೆಯ ಅವ್ವ "ನೀವು ದಿನಾ ಬಂದ್ರಲ್ಲ ಸ್ವಾಮಿ, ಅಷ್ಟೇ ಸಾಕು" ಎಂದಾಗ ನನಗೆ ತಲೆಯೆತ್ತಿ ನೋಡಲಾಗಲಿಲ್ಲ.

ಹಸು ನುಂಗಬೇಕಾದರೆ ನಾಲಿಗೆ ಸ್ವತಂತ್ರವಾಗಿರಬೇಕು. ಮುಖ ನೆಲಕ್ಕೆ ಸಮನಾಗಿ ಅಥವಾ ತುಸುವೇ ಮೇಲಕ್ಕಿರಲಿ. ಗೊಟ್ಟದ ತುದಿಯನ್ನು ಬಾಯಿಯ ಪಕ್ಕದಿಂದ, ಹಲ್ಲಿಲ್ಲದ ಜಾಗದಲ್ಲಿ ಸೇರಿಸಿ ಗುಟುಕು ಗುಟುಕಾಗಿ ಹಾಕಬೇಕು. ಒಂದೇ ಒಂದು ಕೆಮ್ಮು ಬಂದರೂ ತಲೆಯನ್ನು ಕೂಡಲೇ ಬಿಟ್ಟುಬಿಡಬೇಕು. ನಿಮ್ಮ ತಾತ ಹಾಕುವಾಗ ಪಕ್ಕದಲ್ಲಿ ನಿಂತು ನೋಡಿ, ಪ್ರತಿ ಗುಟುಕಿನ ನಂತರ ಅವರ ಕೈ ತಡೆಯುತ್ತದೆಯೆಂದು ನಾನು ಊಹಿಸಬಲ್ಲೆ. ಎದ್ದು ನಿಲ್ಲಲಾಗದ, ಮಂಕಾಗಿ ಮಲಗಿದ ಹಸುವಿಗೆ ಮಾತ್ರ ಯಾರೂ ಬಾಯಿಯಿಂದ ಏನನ್ನೂ ಸುರಿಯಬಾರದು. ಕರು ಹಾಕಿದ ಮೂರು ದಿನದೊಳಗೆ ಬರುವ ಹಾಲು ಜ್ವರದಲ್ಲಿ ಹಸು ಹೀಗೆಯೇ ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗುತ್ತದೆ. ಹೆಸರಿನಲ್ಲಿ ಜ್ವರವಿದ್ದರೂ ಮೈ ಮತ್ತು ಕಿವಿ ತಣ್ಣಗಿರುತ್ತವೆ. ಅದಕ್ಕೆ ಬೇಕಾದುದು ರಕ್ತನಾಳಕ್ಕೆ ಕ್ಯಾಲ್ಸಿಯಂ. ಅದನ್ನೂ ಬಾಟಲಿಯನ್ನು ಮೈಯ ಕಾವಿಗೆ ಬೆಚ್ಚಗೆ ಮಾಡಿ, ಹೃದಯದ ಬಡಿತವನ್ನು ಬಿಡದೆ ಕೇಳುತ್ತಾ, ಕನಿಷ್ಠ 10ರಿಂದ 15 ನಿಮಿಷ ತೆಗೆದುಕೊಂಡು ನಿಧಾನವಾಗಿ ಇಳಿಸಬೇಕು. ಬಡಿತದ ಲಯ ತಪ್ಪಿದರೆ ಆ ಕ್ಷಣವೇ ನಿಲ್ಲಿಸಬೇಕು.

ಪ್ರಶ್ನೆ: ನನ್ನ ಮಗಳು ಪಶುವೈದ್ಯಕೀಯ ಓದುತ್ತಿದ್ದಾಳೆ. ಎತ್ತರ ಕಡಿಮೆ, ಕೈಯೂ ಸಣ್ಣದು. ಗಬ್ಬದ ಪರೀಕ್ಷೆ, ಕರು ಎಳೆಯುವುದು ಇವಳಿಂದ ಆದೀತೇ ಎಂದು ಊರಿನವರು ಕೇಳುತ್ತಾರೆ. ಏನು ಹೇಳಲಿ?
ತಾಯಿ, ಮಳವಳ್ಳಿ ತಾಲ್ಲೂಕು

ಉತ್ತರ: ಆಗುತ್ತದೆ ತಾಯಿ, ಧೈರ್ಯವಾಗಿ ಹೇಳಿ. ಸಣ್ಣ ಕೈ ಈ ಕೆಲಸದಲ್ಲಿ ಕೊರತೆಯಲ್ಲ, ಕಡಸುಗಳ ಪರೀಕ್ಷೆಯಲ್ಲಿ ಅದೇ ಅನುಕೂಲ. ಎತ್ತರ ಸಾಲದಿದ್ದರೆ ಕಾಲ ಕೆಳಗೆ ಗಟ್ಟಿಯಾದ ಒಂದು ಹಲಗೆ ಹಾಕಿಕೊಂಡರಾಯಿತು. ಬೇಕಾದುದು ಬಲವಲ್ಲ. ಉಗುರು ಕತ್ತರಿಸಿ, ಉದ್ದನೆಯ ಕೈಗವಸಿಗೆ ಧಾರಾಳವಾಗಿ ಜಾರುವ ದ್ರವ ಹಚ್ಚಿ, ಬೆರಳುಗಳನ್ನು ಮೊಗ್ಗಿನಂತೆ ಕೂಡಿಸಿ ಗುದದ್ವಾರದ ಮೂಲಕ ಒಳಗೆ ಹೋದಾಗ, ಕರುಳು ಅಲೆಯಂತೆ ಬಿಗಿದು ತೋಳನ್ನು ಹಿಡಿದುಕೊಳ್ಳುತ್ತದೆ. ಬಲವಿದೆಯೆಂದು ಆಗ ತಳ್ಳಿದವನು ಕರುಳನ್ನು ಹರಿಯುತ್ತಾನೆ. ಕೈಯನ್ನು ಸಡಿಲ ಬಿಟ್ಟು ಆ ಅಲೆ ದಾಟುವವರೆಗೆ ಕಾಯ್ದವಳಿಗೆ ಕೆಳಗೆ ಗರ್ಭಕೋಶದ ಕಂಠ ಗಟ್ಟಿಯಾದ ಕೊಳವೆಯ ಹಾಗೆ ಸಿಗುತ್ತದೆ, ಅಲ್ಲಿಂದ ಮುಂದಕ್ಕೆ ದಾರಿ ತೆರೆಯುತ್ತದೆ. ಕೈಗವಸಿನಲ್ಲಿ ರಕ್ತ ಕಂಡರೆ ಪರೀಕ್ಷೆಯನ್ನು ಅಲ್ಲಿಗೇ ಬಿಡಬೇಕು. ಕಲಿಯುವ ಕೈಗೆ ಮೂರು ತಿಂಗಳ ಗಬ್ಬ ತಿಳಿದರೆ ಸಾಕು, ಅದಕ್ಕಿಂತ ಮೊದಲಿನದು ಅನುಭವದೊಂದಿಗೆ ಬರುತ್ತದೆ.

ಕರು ಎಳೆಯುವಾಗಲೂ ಹೀಗೆಯೇ. ಆರು ಜನ ಹಗ್ಗ ಹಿಡಿದು ಜಗ್ಗುವುದು ನಮ್ಮ ಹಳ್ಳಿಗಳ ಕೆಟ್ಟ ರೂಢಿ. ಮೊದಲು ಕರು ಹೇಗೆ ನಿಂತಿದೆಯೆಂದು ಕೈಯಾಡಿಸಿ ತಿಳಿದು, ಮಡಚಿದ ಕಾಲನ್ನೋ ತಿರುಗಿದ ತಲೆಯನ್ನೋ ಸರಿಮಾಡಿದರೆ, ಹಸು ತಿಣುಕಿದಾಗ ಮಾತ್ರ ಇಬ್ಬರು ಎಳೆದರೆ ಸಾಕು. ಆ ಸರಿಮಾಡುವ ಕೆಲಸಕ್ಕೆ ಸಣ್ಣ ಕೈಯೇ ಬೇಕು.

ಪ್ರಶ್ನೆ: ಹೊಲಿಗೆ ಹಾಕುವುದನ್ನು ಹಾಸ್ಟೆಲಿನಲ್ಲಿ ಅಭ್ಯಾಸ ಮಾಡಬಹುದೇ?
ವಿದ್ಯಾರ್ಥಿ, ಮೈಸೂರು

ಉತ್ತರ: ಖಂಡಿತ. ಬಾಳೆಹಣ್ಣಿನ ಸಿಪ್ಪೆಯಲ್ಲಿ ಆರಂಭಿಸಿ. ಗಂಟನ್ನು ಅತಿಯಾಗಿ ಬಿಗಿದರೆ ಸಿಪ್ಪೆ ಹರಿಯುತ್ತದೆ, ಚರ್ಮವೂ ಹಾಗೆಯೇ ಕೊಳೆಯುತ್ತದೆ. ಅಂಚಿಗೆ ಅಂಚು ತಾಗುವಷ್ಟೇ ಬಿಗಿ ಸಾಕು. ದಿನಕ್ಕೆ ಇಪ್ಪತ್ತು ಬಿಡಿ ಹೊಲಿಗೆಗಳನ್ನು ಹಾಕಿ.

ಪ್ರಶ್ನೆ: ಇಂಟರ್ನ್‌ಶಿಪ್‌ಗೆ ಹಳ್ಳಿಗೆ ಹೊರಡುವ ಮುನ್ನ ನಮ್ಮ ರಕ್ಷಣೆಗೆ ಏನು ಮಾಡಿಕೊಳ್ಳಬೇಕು?
ವಿದ್ಯಾರ್ಥಿನಿ, ಕೃಷ್ಣರಾಜಪೇಟೆ

ಉತ್ತರ: ರೇಬೀಸ್ ಮುಂಜಾಗ್ರತಾ ಲಸಿಕೆಯನ್ನು 0, 7 ಮತ್ತು 21 ಅಥವಾ 28ನೆಯ ದಿನಗಳಲ್ಲಿ ಹಾಕಿಸಿಕೊಳ್ಳದೆ ಹೊರಡಬೇಡಿ. ಜೊಲ್ಲು ಸುರಿಸುತ್ತಾ ನುಂಗಲಾಗದೆ ನಿಂತ ಹಸುವನ್ನು ಕಂಡರೆ ಮನೆಯವರು "ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ಕೈ ಹಾಕಿ ನೋಡಿ" ಎನ್ನುತ್ತಾರೆ. ರೇಬೀಸ್ ಬಂದ ಹಸುವೂ ಹೀಗೆಯೇ ಕಾಣುತ್ತದೆ. ನಾಯಿ ಕಚ್ಚಿತ್ತೇ, ಕೂಗಿನ ಸ್ವರ ಬದಲಾಗಿದೆಯೇ ಎಂದು ವಿಚಾರಿಸದೆ, ಗ್ಲೌಸಿಲ್ಲದೆ ಬಾಯಿಗೆ ಕೈ ಹಾಕಬಾರದು. ಕಂದು ಹಾಕಿದ (ಗರ್ಭಪಾತವಾದ) ಹಸುವಿನ ಸತ್ತೆಯನ್ನೂ (ಮಾಸನ್ನೂ) ಬರಿಗೈಯಲ್ಲಿ ಮುಟ್ಟಬೇಡಿ, ಕಂದು ಹಾಕಿಸುವ ಬ್ರುಸೆಲ್ಲಾ ರೋಗಾಣು ಮನುಷ್ಯರಿಗೂ ಅಂಟುತ್ತದೆ. ಕಚ್ಚಿಸಿಕೊಂಡರೆ ಅಥವಾ ಗಾಯಕ್ಕೆ ಜೊಲ್ಲು ತಗುಲಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಮೊದಲೇ ಲಸಿಕೆ ಪಡೆದವರಿಗೆ ಆಗ 0 ಮತ್ತು 3ನೆಯ ದಿನದ ಎರಡು ಡೋಸ್ ಸಾಕಾಗುತ್ತದೆ. ಆದ್ದರಿಂದ ಲಸಿಕೆಯ ದಿನಾಂಕಗಳ ಚೀಟಿ ಸ್ಟೆತಾಸ್ಕೋಪಿನ ಜೊತೆ ನಿಮ್ಮ ಚೀಲದಲ್ಲೇ ಇರಲಿ.