ಹ್ಯಾರಿಸನ್‌ಗೆ ನಿಜವಾಗಿ ಅಷ್ಟು ಕಾಟ ಕೊಟ್ಟರಾ?

'ಲಾಂಗಿಟ್ಯೂಡ್' ಟಿವಿ ಚಿತ್ರ ನೋಡಿ, ಅದರಲ್ಲಿ 18ನೇ ಶತಮಾನದ ಇಂಗ್ಲಿಷ್ ಗಡಿಯಾರ ತಯಾರಕ ಜಾನ್ ಹ್ಯಾರಿಸನ್ ಪಟ್ಟ ಪಾಡು ನಿಜವಾ, ಸುಮ್ನೆ ಕಥೆಗೆ ಸೇರಿಸಿದ್ದಾ ಅಂತ ಕೇಳಿದ್ದೀರಿ. ನಿಜವೇ. ಸಮುದ್ರದ ಮೇಲೆ ರೇಖಾಂಶ (ಹಡಗು ಪೂರ್ವ-ಪಶ್ಚಿಮವಾಗಿ ಎಲ್ಲಿದೆ ಅನ್ನುವುದು) ಕಂಡುಹಿಡಿಯುವ ದಾರಿ ತೋರಿಸಿದವರಿಗೆ 20,000 ಪೌಂಡ್‌ವರೆಗೆ ಬಹುಮಾನ ಅಂತ ಬ್ರಿಟಿಷ್ ಸಂಸತ್ತು 1714ರಲ್ಲೇ ಸಾರಿತ್ತು. ಹೊರಟ ಊರಿನ ಸಮಯವನ್ನು ತಪ್ಪದೆ ತೋರಿಸುವ ಗಡಿಯಾರ ಹಡಗಿನಲ್ಲಿದ್ದರೆ, ಹಡಗು ಇರುವ ಜಾಗದ ಸಮಯದ ಜೊತೆ ಹೋಲಿಸಿ ರೇಖಾಂಶ ಲೆಕ್ಕ ಹಾಕಬಹುದು. ಹ್ಯಾರಿಸನ್ ಹಿಡಿದ ದಾರಿ ಇದೇ. ಅವರು ಬಡಗಿಯ ಮಗ. ಶುರುವಿನಲ್ಲಿ ಮರದ ಗಡಿಯಾರ ಮಾಡುತ್ತಿದ್ದರು. ಅವರ ಮೂರನೇ ಸಮುದ್ರ ಗಡಿಯಾರ ಒಂದೇ ಸುಮಾರು 19 ವರ್ಷ ತಿಂದುಬಿಟ್ಟಿತು! ನಾಲ್ಕನೆಯದು ದೊಡ್ಡ ಜೇಬುಗಡಿಯಾರದ ಹಾಗೆ, ಸುಮಾರು 13 ಸೆಂ.ಮೀ. ಅಗಲ.

1761ರಲ್ಲಿ ಮಗ ವಿಲಿಯಂ ಅದನ್ನು ಹಡಗಿನಲ್ಲಿ ಜಮೈಕಾಗೆ ಒಯ್ದರು. ಗಡಿಯಾರ ಗೆದ್ದಿತು, ಬಹುಮಾನ ತೀರ್ಮಾನಿಸುವ ಮಂಡಳಿ ಒಪ್ಪಲಿಲ್ಲ. ಇನ್ನೊಂದು ಪ್ರಯಾಣ ಮಾಡಿ ಅಂದರು. ಆಮೇಲೆ ಬಿಚ್ಚಿ ತೋರಿಸಿ ಅಂದರು. ಅದೂ ಸಾಲದೆ ಇನ್ನೂ ಎರಡು ಮಾಡಿಕೊಡಿ ಅಂದರು. ಮುದುಕರನ್ನು ಹೀಗೆ ಅಲೆಸಬಾರದಿತ್ತು ಅಲ್ವಾ? ಕೊನೆಗೆ 1773ರಲ್ಲಿ ಸಂಸತ್ತೇ 8,750 ಪೌಂಡ್ ಕೊಟ್ಟಿತು. ಆಗ ಅವರಿಗೆ 80 ವರ್ಷ. ಮೂಲ ಬಹುಮಾನ ಮಾತ್ರ ಯಾರಿಗೂ ಸಿಗಲಿಲ್ಲ.

ಚಿತ್ರದಲ್ಲಿ ಬರುವ ನೌಕಾಪಡೆ ಅಧಿಕಾರಿ ರೂಪರ್ಟ್ ಗೌಲ್ಡ್ ಕೂಡ ಕಲ್ಪನೆಯ ಪಾತ್ರ ಅಲ್ಲ. ಕಿಲುಬು ಹಿಡಿದು ನಿಂತಿದ್ದ ಆ ಗಡಿಯಾರಗಳನ್ನು 1920ರಿಂದ ವರ್ಷಗಟ್ಟಲೆ ಕೂತು ಉಜ್ಜಿ ಸರಿಮಾಡಿದವರು ಅವರೇ. ನನಗೆ ಜಾಸ್ತಿ ತಟ್ಟಿದ್ದು ಅವರ ಕಥೆ. ಇನ್ನೊಮ್ಮೆ ನೋಡುವಾಗ ಆ ಭಾಗ ಓಡಿಸಬೇಡಿ. ಗಡಿಯಾರಗಳು ಈಗಲೂ ಲಂಡನ್‌ನ ಗ್ರೀನಿಚ್‌ನಲ್ಲಿವೆ.