‘ಬ್ರಹ್ಮಾಸ್ತ್ರ’ ಕಣ್ಣಿಗೆ ಹಬ್ಬವಾದರೂ ಕಥೆ ಏಕೆ ಮನಸ್ಸಿಗೆ ಇಳಿಯುವುದಿಲ್ಲ?

‘ಬ್ರಹ್ಮಾಸ್ತ್ರ’ದ ದೃಶ್ಯವೈಭವ ಮೆಚ್ಚುಗೆಯಾಯಿತು, ಆದರೆ ಚಿತ್ರ ಮುಗಿದ ಮೇಲೆ ಏನೂ ಉಳಿಯಲಿಲ್ಲ, ಇದು ನನಗೆ ಮಾತ್ರ ಹೀಗನ್ನಿಸಿದ್ದೇ ಎಂದು ಕೇಳಿದ್ದೀರಿ. ನನಗೂ ಹೆಚ್ಚುಕಡಿಮೆ ಹಾಗೆಯೇ ಅನ್ನಿಸಿತು. ಅಯಾನ್ ಮುಖರ್ಜಿ ನಿರ್ದೇಶನದ ಈ ಹಿಂದಿ ಚಿತ್ರ 2022ರ ಸೆಪ್ಟೆಂಬರ್ 9ರಂದು ಕನ್ನಡ ಡಬ್ಬಿಂಗ್ ಸಹಿತ ತೆರೆಕಂಡಾಗ ನಾನು ಅದನ್ನು ಚಿತ್ರಮಂದಿರದಲ್ಲಿ 3ಡಿಯಲ್ಲಿ ನೋಡಿದೆ; ಆಮೇಲೆ ಅಕ್ಕನ ಮಗನ ಜೊತೆ ಮನೆಯಲ್ಲಿ ಇನ್ನೊಮ್ಮೆ ನೋಡಿದೆ. ಎರಡನೆಯ ಸಲ ನೋಡುವಾಗ ತೊಡಕು ಎಲ್ಲಿದೆ ಎಂಬುದು ಸ್ಪಷ್ಟವಾಯಿತು.

ಮೊದಲು ಗೆದ್ದ ಭಾಗವನ್ನು ಹೇಳುತ್ತೇನೆ, ಏಕೆಂದರೆ ಸೋಲಿನ ಕಾರಣವೂ ಅಲ್ಲೇ ಸಿಗುತ್ತದೆ. ಆರಂಭದಲ್ಲಿ ಶಾರುಖ್ ಖಾನ್ ನಿರ್ವಹಿಸಿದ ವಿಜ್ಞಾನಿ ಮೋಹನ್ ಭಾರ್ಗವ್‌ನ ಮನೆಗೆ, ಬ್ರಹ್ಮಾಸ್ತ್ರದ ತುಂಡುಗಳನ್ನು ಅರಸುತ್ತಿರುವ ಜುನೂನ್ (ಮೌನಿ ರಾಯ್) ತನ್ನವರೊಂದಿಗೆ ನುಗ್ಗುತ್ತಾಳೆ. ಮೋಹನ್ ಬಳಿಯಿರುವ, ವಾನರನ ಬಲ ಕೊಡುವ ವಾನರಾಸ್ತ್ರ ಎಚ್ಚೆತ್ತಾಗ ಅವನ ಮೈಯನ್ನು ವಾನರಾಕಾರದ ಬೆಳಕು ಆವರಿಸುತ್ತದೆ, ಅವನು ಗೋಡೆಯಿಂದ ಗೋಡೆಗೆ ನೆಗೆಯುತ್ತಾನೆ; ಕೊನೆಗೆ ಸಿಕ್ಕಿಬಿದ್ದು, ಅಸ್ತ್ರಗಳನ್ನು ಕಾಯುವವರ ಗುರುವಿನ ನೆಲೆಯನ್ನು ಬಾಯಿಬಿಡಬೇಕಾಗಿ ಬಂದಾಗ, ಕಟ್ಟಡದಿಂದ ಹಾರಿ ಪ್ರಾಣವನ್ನೇ ಬಿಡುತ್ತಾನೆ. ಮುಂದೆ ನಾಗಾರ್ಜುನ ನಿರ್ವಹಿಸಿದ ವಾರಾಣಸಿಯ ಕಲಾವಿದ ಅನೀಶ್ ಶೆಟ್ಟಿಯ ಸರದಿ (ಆ ಹೆಸರು ಕೇಳಿ ಕರಾವಳಿಯ ನಾವೆಲ್ಲ ಸ್ವಲ್ಪ ನೆಟ್ಟಗೆ ಕುಳಿತೆವು). ಸಾವಿರ ನಂದಿಗಳ ಬಲವುಳ್ಳ ನಂದಿ ಅಸ್ತ್ರವನ್ನು ಧರಿಸಿದ ಆತ, ನಾಯಕ ಶಿವ (ರಣಬೀರ್ ಕಪೂರ್) ಮತ್ತು ಅವನ ಪ್ರೇಯಸಿ ಇಷಾ (ಆಲಿಯಾ ಭಟ್) ಇಬ್ಬರನ್ನೂ ಮುಂದಕ್ಕೆ ಕಳುಹಿಸಿ, ಬೆಟ್ಟದ ದಾರಿಯಲ್ಲಿ ತಾನೊಬ್ಬನೇ ಶತ್ರುಗಳಿಗೆ ಅಡ್ಡ ನಿಲ್ಲುತ್ತಾನೆ. ಈ ಎರಡೂ ಕಡೆ ಗ್ರಾಫಿಕ್ಸ್ ಅಲಂಕಾರವಾಗಿ ಬರುವುದಿಲ್ಲ. ಅಸ್ತ್ರದ ಗುಣ, ಅದನ್ನು ಹೊತ್ತವನ ನಿರ್ಧಾರ, ಅದಕ್ಕಾಗಿ ಅವನು ತೆತ್ತ ಬೆಲೆ, ಮೂರೂ ಒಂದೇ ಹೊತ್ತಿಗೆ ತೆರೆಯ ಮೇಲೆ ಕಾಣುತ್ತವೆ.

ನಾಯಕ ಶಿವನ ವಿಷಯಕ್ಕೆ ಬಂದಾಗ ಈ ಮೂರನೆಯದು ಕಾಣೆಯಾಗುತ್ತದೆ. ದಸರೆಯ ಸಂಭ್ರಮದಲ್ಲಿ ಇಷಾಳನ್ನು ಕಂಡೊಡನೆ ಅವನಿಗೆ ಪ್ರೀತಿ ಹುಟ್ಟುತ್ತದೆ, ಪರಿಚಯ ಗಟ್ಟಿಯಾಗುವ ಮೊದಲೇ ಅವಳು ಅವನೊಂದಿಗೆ ವಾರಾಣಸಿಗೆ ಹೊರಟಿರುತ್ತಾಳೆ. ಗುರುವಿನ ಆಶ್ರಮದಲ್ಲಿ ತನ್ನೊಳಗಿನ ಅಗ್ನಿ ಅಸ್ತ್ರದ ಬಲದಿಂದ ಬೆಂಕಿಯನ್ನು ಹೊತ್ತಿಸಲಾಗದೆ ಅವನು ಒದ್ದಾಡುವ ಭಾಗ ಚೆನ್ನಾಗಿಯೇ ಆರಂಭವಾಗುತ್ತದೆ. ಆದರೆ ಸಾಧನೆಯಿಂದಲೋ ಸೋಲಿನಿಂದಲೋ ದಕ್ಕಬೇಕಾದದ್ದು ಇಷಾಳ ಮೇಲಿನ ಪ್ರೀತಿಯಿಂದ ದಕ್ಕಿಬಿಡುತ್ತದೆ, ಆ ಪ್ರೀತಿಯನ್ನೋ ನಾವು ಬೆಳೆಯುವುದನ್ನು ನೋಡಿಯೇ ಇಲ್ಲ, ಕೇಳಿದ್ದೇವೆ ಅಷ್ಟೆ. ರಣಬೀರ್ ಕಪೂರ್ ಮತ್ತು ಆಲಿಯಾ ಭಟ್ ಇಬ್ಬರೂ ಸಮರ್ಥರು. ಅವರಿಗೆ ಕೊಟ್ಟ ಸಂಭಾಷಣೆ ಮಾತ್ರ ಭಾವವನ್ನು ಮೂಡಿಸುವ ಬದಲು ಅದನ್ನು ವಿವರಿಸುತ್ತಲೇ ಹೋಗುತ್ತದೆ.

ಅಸ್ತ್ರದ ಕಥೆಗಳನ್ನು ಕೇಳಿಯೇ ಬೆಳೆದವರಿಗೆ ಈ ಕೊರತೆ ಇನ್ನೂ ಹೆಚ್ಚು ಕಾಡುತ್ತದೆ. ಮಹಾಭಾರತದಲ್ಲಿ ಷರತ್ತಿಲ್ಲದ ಮಹಾಸ್ತ್ರ ಸಿಗುವುದು ಕಷ್ಟ. ಇಂದ್ರನಿತ್ತ ಶಕ್ತಿಯನ್ನು ಕರ್ಣ ಒಮ್ಮೆ ಮಾತ್ರ ಪ್ರಯೋಗಿಸಬಲ್ಲ, ಅರ್ಜುನನಿಗೆಂದು ಕಾದಿಟ್ಟಿದ್ದ ಅದು ಘಟೋತ್ಕಚನ ಮೇಲೆ ವ್ಯಯವಾಗುತ್ತದೆ. ಪರಶುರಾಮನ ಶಾಪದಿಂದ ಬ್ರಹ್ಮಾಸ್ತ್ರದ ಮಂತ್ರ ಬೇಕಾದ ಹೊತ್ತಿಗೇ ಮರೆತುಹೋಗುತ್ತದೆ. ಅಶ್ವತ್ಥಾಮನಿಗೆ ಬಿಡಲು ಬರುತ್ತದೆ, ಹಿಂದಕ್ಕೆ ಪಡೆಯಲು ಬರುವುದಿಲ್ಲ. ಯಕ್ಷಗಾನದ ರಂಗದಲ್ಲಿ ಸರ್ಪಾಸ್ತ್ರ ಮತ್ತೆ ಕರ್ಣನ ಬಳಿಗೆ ಬಂದು ಇನ್ನೊಮ್ಮೆ ತೊಡು ಎಂದು ಬೇಡುವಾಗ ಅಲ್ಲಿ ಯಾವ ಬೆಳಕಿನ ಚಮತ್ಕಾರವೂ ಇರುವುದಿಲ್ಲ, ಕುಂತಿಗೆ ಕೊಟ್ಟ ಮಾತು ಅವನನ್ನು ಕಟ್ಟಿಹಾಕಿರುತ್ತದೆ ಎಂಬುದಷ್ಟೇ ಇರುತ್ತದೆ. ಅದಕ್ಕೇ ಸಭೆ ಉಸಿರು ಬಿಗಿಹಿಡಿದು ಕೂರುತ್ತದೆ. ಚಿತ್ರದ ಕೊನೆಯಲ್ಲಿ ಬ್ರಹ್ಮಾಸ್ತ್ರದ ಮೂರು ತುಂಡುಗಳು ಒಂದಾಗಿ ಪ್ರಳಯದಂತಹ ದೃಶ್ಯ ತೆರೆದುಕೊಂಡಾಗ, ಶಿವ ಏನನ್ನು ಕಳೆದುಕೊಳ್ಳಬಹುದು ಎಂಬ ಭಯ ನನ್ನಲ್ಲಿ ಹುಟ್ಟಲೇ ಇಲ್ಲ.

ದೃಶ್ಯಪರಿಣಾಮಗಳನ್ನು ರೂಪಿಸಿದ ಡಿಎನ್ಇಜಿ ತಂಡದ ಶ್ರಮವನ್ನು ಯಾರೂ ಅಲ್ಲಗಳೆಯಲಾರರು. 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅನಿಮೇಷನ್ ಮತ್ತು ದೃಶ್ಯಪರಿಣಾಮಗಳ ವಿಭಾಗದ ಗೌರವ ಈ ಚಿತ್ರಕ್ಕೆ ಸಂದಿತು, ಪ್ರೀತಮ್ ಅವರ ಸಂಗೀತಕ್ಕೂ ಅರಿಜಿತ್ ಸಿಂಗ್ ಅವರ ಗಾಯನಕ್ಕೂ ಪ್ರಶಸ್ತಿ ಬಂತು. ಆ ಮೂರೂ ಯೋಗ್ಯ ಆಯ್ಕೆಗಳೆಂದೇ ನನ್ನ ಅಭಿಪ್ರಾಯ.

ನನಗೆ ಹೆಚ್ಚು ಬೇಸರ ತಂದದ್ದು ಇನ್ನೊಂದು ಸಂಗತಿ. ಈ ಚಿತ್ರಕ್ಕೆ ಬೇಕಾಗಿದ್ದ ಕಥೆ ಚಿತ್ರದೊಳಗೇ ಇದೆ. ಬ್ರಹ್ಮಾಸ್ತ್ರಕ್ಕಾಗಿ ಹಂಬಲಿಸಿದ ದೇವ್‌ನನ್ನು, ಅವನನ್ನು ಪ್ರೀತಿಸಿದ ಅಮೃತಾಳೇ ಎದುರಿಸಿ ನಿಲ್ಲುತ್ತಾಳೆ. ಶಿವ ಅವರ ಮಗ. ಪ್ರೀತಿ ಮತ್ತು ಅಸ್ತ್ರ ಮುಖಾಮುಖಿಯಾಗುವ ಆ ಪ್ರಸಂಗವನ್ನು ಗುರು (ಅಮಿತಾಭ್ ಬಚ್ಚನ್) ಕೆಲವೇ ನಿಮಿಷಗಳಲ್ಲಿ ಹೇಳಿ ಮುಗಿಸಿಬಿಡುತ್ತಾರೆ. ಎರಡನೆಯ ಭಾಗ ದೇವ್‌ನದೆಂದು ಚಿತ್ರದ ಕೊನೆಯಲ್ಲಿಯೇ ಪ್ರಕಟಿಸಿದ್ದಾರೆ, ಅದು ಬಂದರೆ ಅಮೃತಾಳಿಗಾಗಿ ನಾನು ಖಂಡಿತ ನೋಡುತ್ತೇನೆ.