ಮಗ್ ಮೇಲೆ ಪ್ರಿಂಟ್ ಮಬ್ಬಾಗಿ ಬರುತ್ತಿದೆ, ಆರು ಬಣ್ಣದ ಪ್ರಿಂಟರ್ ತೆಗೆದುಕೊಂಡರೆ ಸರಿಹೋಗುತ್ತದಾ?

ಬೇಡ. ಪ್ರಿಂಟರ್ ತೆಗೆದುಕೊಳ್ಳಲೇಬೇಡಿ. ಯಾದಗಿರಿಯಲ್ಲಿ ಎರಡು ತಿಂಗಳ ಹಿಂದೆ ಶುರು ಮಾಡಿದ್ದೀರಿ, ಅಕ್ಷರದ ಸುತ್ತ ನೀಲಿ ನೆರಳು ಬರುತ್ತಿದೆ ಅಂತ ಬರೆದಿದ್ದೀರಿ. ಓದುತ್ತಲೇ ನನ್ನ 2019ರ ಮೇ ತಿಂಗಳು ಕಣ್ಣ ಮುಂದೆ ಬಂತು.

ಕಲಬುರಗಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಎಪ್ಸನ್ ಎಲ್130 ಎಂಬ ನಾಲ್ಕು ಬಣ್ಣದ ಪ್ರಿಂಟರಿಗೆ ಸಬ್ಲಿಮೇಷನ್ ಇಂಕ್ (ಪೇಪರಿನಿಂದ ಬಿಸಿಗೆ ಮಗ್‌ಗೆ ಇಳಿಯುವ ಬಣ್ಣ) ತುಂಬಿಸಿದ್ದೆ, ಜೊತೆಗೆ ಪೇಪರ್ ಸುತ್ತಿದ ಮಗ್ಗನ್ನು ಬಿಸಿಯಲ್ಲಿ ಒತ್ತುವ ಒಂದು ಮಗ್ ಪ್ರೆಸ್. ಮೊದಲ ದೊಡ್ಡ ಆರ್ಡರ್ ಹಳೇ ವಿದ್ಯಾರ್ಥಿಗಳ ಗುರುವಂದನೆಯದು. 36 ಮಗ್, ಅಂದರೆ ಪೂರಾ ಒಂದು ಪೆಟ್ಟಿಗೆ. ಗುಂಪು ಫೋಟೋ, ಕೆಳಗೆ ಸಣ್ಣಕ್ಷರದಲ್ಲಿ ಶಾಲೆಯ ಹೆಸರು. ‘ಪ್ರೌಢಶಾಲೆ’ಯ ‘ಪ್ರೌ’ ಓದಲಿಕ್ಕೇ ಆಗುತ್ತಿರಲಿಲ್ಲ. ಒತ್ತು, ಔತ್ವ ಎಲ್ಲ ಕರಗಿ ಒಂದು ಮುದ್ದೆ, ಅದರ ಸುತ್ತ ತೆಳು ನೀಲಿ. ಆರ್ಡರ್ ಕೊಟ್ಟವರು ಒಂದು ಮಗ್ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಏನೂ ಬೈಯಲಿಲ್ಲ, ಸುಮ್ನೆ ಟೇಬಲ್ ಮೇಲೆ ಇಟ್ಟು ಹೋದರು. ಆ ಸಂಕಟ ಇನ್ನೂ ಹೋಗಿಲ್ಲ.

ಮೊದಲು ಇಂಕ್ ಬದಲಿಸಿದೆ. ಆಮೇಲೆ ಹೈದರಾಬಾದಿಗೆ ಹೋಗಿ ಬೇರೆ ಮಗ್ ತಂದೆ. ಕೊನೆಗೆ ಸಾಲ ಮಾಡಿ ಆರು ಬಣ್ಣದ ಪ್ರಿಂಟರ್ ತಂದೆ. ನೆರಳು ಹಾಗೇ ಇತ್ತು.

ತಪ್ಪು ಇದ್ದದ್ದು ಕೂಲರಿನಲ್ಲಿ. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ, 42 ಡಿಗ್ರಿ ದಾಟಿದರೆ ಕೂಲರ್ ಇಲ್ಲದೆ ಕೂರಲಾಗುವುದಿಲ್ಲ. ಅದು ಟೇಬಲ್ ಪಕ್ಕದ ಕಿಟಕಿಯಲ್ಲೇ ಇತ್ತು. ತೇವದ ಗಾಳಿ ದಿನವಿಡೀ ಬಿಚ್ಚಿಟ್ಟ ಸಬ್ಲಿಮೇಷನ್ ಪೇಪರ್ ಮೇಲೆ ಬೀಸುತ್ತಿತ್ತು. ಒಂದು ಮಧ್ಯಾಹ್ನ ಅವ್ವ ಕೂಲರ್ ಬಂದ್ ಮಾಡಿದಳು. "ನಳಾ ಬಂದಿಲ್ಲ, ನೀರ ಎಲ್ಲಿಂದ ಹಾಕಲಿ?" ಅಂದಳು. ಬೆವರು ಸುರಿಸುತ್ತಾ ಹೊಸ ಪ್ಯಾಕೆಟ್ ಒಡೆದು ಹಳೇ ಪ್ರಿಂಟರಿನಲ್ಲೇ ತೆಗೆದೆ. ಆ ಮಗ್‌ನಲ್ಲಿ ‘ಪ್ರೌ’ ಕೆತ್ತಿದ ಹಾಗೆ ಬಂತು.

ಸಬ್ಲಿಮೇಷನ್ ಇಂಕ್ ಬಿಸಿಗೆ ದ್ರವವಾಗದೆ ನೇರ ಅನಿಲವಾಗಿ ಮಗ್‌ನ ಕೋಟಿಂಗ್ ಒಳಗೆ ಇಳಿಯುತ್ತದೆ. ಪ್ರೆಸ್ 180 ಡಿಗ್ರಿಗೆ ಹೋಗುವ ಹೊತ್ತಿಗೆ ಪೇಪರಿನಲ್ಲಿದ್ದ ನೀರು 100ರಲ್ಲೇ ಆವಿಯಾಗಿರುತ್ತದೆ. ಆ ಆವಿಗೆ ಹೊರಗೆ ಹೋಗಲು ದಾರಿ ಬೇಕಲ್ವಾ? ಪೇಪರನ್ನು ಎತ್ತುತ್ತದೆ, ಬಣ್ಣವನ್ನು ಪಕ್ಕಕ್ಕೆ ಎಳೆಯುತ್ತದೆ. ನಿಮ್ಮ ಹಾಳೆಯ ಅಂಚು ಅಲೆ ಅಲೆಯಾಗಿದೆಯಾ ನೋಡಿ. ಆಗಿದ್ದರೆ ಅದು ತೇವ ಕುಡಿದಿದೆ.

ಪೇಪರನ್ನು ಜಿಪ್ ಕವರಿನಲ್ಲಿ ಇಡಿ, ಬೇಕಾದಷ್ಟೇ ಹೊರಗೆ ತೆಗೆಯಿರಿ. ಪ್ರಿಂಟ್ ಆದ ಮೇಲೆ ಐದು ನಿಮಿಷ ಒಣಗಲು ಬಿಡಿ. ಮಗ್ ಒರೆಸಿ, ಪೇಪರನ್ನು ಬಿಗಿಯಾಗಿ ಸುತ್ತಿ ಹೀಟ್ ಟೇಪ್ ಹಾಕಿ. ಪ್ರೆಸ್‌ನಿಂದ ತೆಗೆದ ತಕ್ಷಣ ಗ್ಲೌಸ್ ಹಾಕಿಕೊಂಡು ಒಂದೇ ಸಲಕ್ಕೆ ಪೇಪರ್ ಕಿತ್ತುಬಿಡಿ. ಬಿಸಿ ಮಗ್ ಮೇಲೆ ಅದು ಜಾರಿದರೂ ನೆರಳು ಬೀಳುತ್ತದೆ. ಮೇಲೆ ಕೆಳಗೆ ಮಾತ್ರ ಬಣ್ಣ ಕಡಿಮೆ ಇದ್ದರೆ ಒತ್ತಡ ಸಾಲುತ್ತಿಲ್ಲ. ಕಪ್ಪು ಬಣ್ಣ ಕಂದು ಬಣ್ಣವಾಗಿದ್ದರೆ ಬಿಸಿಯೋ ಸಮಯವೋ ಜಾಸ್ತಿ ಆಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಡಿಗ್ರಿ ಮತ್ತು ಸೆಕೆಂಡ್ ಎರಡನ್ನೂ ಆ ಮಗ್‌ನ ತಳದಲ್ಲಿ ಮಾರ್ಕರಿನಿಂದ ಬರೆದಿಡಿ. ಗಿರಾಕಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಫೋಟೋ ಕುಗ್ಗಿ ಮಬ್ಬಾಗುತ್ತದೆ.

ಆರು ಬಣ್ಣದ್ದರಲ್ಲಿ ತಿಳಿ ನೀಲಿ, ತಿಳಿ ಗುಲಾಬಿ ಹೆಚ್ಚಿಗೆ ಇರುತ್ತವೆ. ಮುಖದ ಬಣ್ಣ ನಯವಾಗಿ ಬರುತ್ತದೆ, ಅಷ್ಟೇ. ನೆರಳಿಗೆ ಅದು ಮದ್ದಲ್ಲ. ಇಂಕ್ ಬರುವ ರಂಧ್ರಗಳು ಕಟ್ಟಿಲ್ಲವೇ ಎಂದು ನೋಡಲು ಪ್ರಿಂಟರ್ ತೆಗೆಯುವ ನಾಝಲ್ ಚೆಕ್‌ನಲ್ಲಿ ಗೆರೆಗಳು ಎಲ್ಲೂ ತುಂಡಾಗದೆ ಬಂದರೆ ನಿಮ್ಮ ಪ್ರಿಂಟರ್ ಸರಿಯಾಗೇ ಇದೆ.

ಇವತ್ತೇ ಕೂಲರ್ ಬಂದ್ ಮಾಡಿ, ಹೊಸ ಪ್ಯಾಕೆಟ್ ಒಡೆದು ಒಂದು ಮಗ್ ತೆಗೆಯಿರಿ. ಆಗಲೂ ನೆರಳು ಬಂದರೆ ಹತ್ತಿರದಿಂದ ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.